ಗುಬ್ಬಿಯನ್ನು ನೀರಿನಿಂದ ಮನೆಗೆ ತಂದ ಸೋಮವಾರ

ಧಾರವಾಡದ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಾಗ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ನನ್ನ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ನೀರು, ಗುಳಿಗೆ, ಬಾಳೆಹಣ್ಣು. ಇನ್ನೊಂದರಲ್ಲಿ ಒಂದು ಕೆಂಪು ದಿಂಬು. ದಿಂಬು ನಮ್ಮವರದು. ಎದೆ ಸೀಳಿ ಹೃದಯದ ಆಪರೇಶನ್ ಮಾಡಿದ ಮೇಲೆ ದವಾಖಾನೆಯವರೇ ಕೊಟ್ಟದ್ದು. ಕೆಮ್ಮು ಬಂದರೆ, ಸೀನು ಬಂದರೆ, ಗಾಡಿ ಕುಲುಕಿದರೆ ಅದನ್ನು ಎದೆಗೆ ಅವಚಿಕೊಳ್ಳಬೇಕು. ಇಲ್ಲದಿದ್ದರೆ ಕೂಡಿಕೊಳ್ಳುತ್ತಿರುವ ಎಲುಬು ಅಲುಗಾಡುತ್ತದೆ. ಭಾರ ಎತ್ತಬಾರದು, ಎಳೆಯಬಾರದು, ನೂಕಬಾರದು ಎಂದು ಡಾಕ್ಟರು ಇವರಿಗೆ ಒಂದು ಸಲ ಹೇಳಿದರೆ ನನಗೆ ಮತ್ತೆ ಮತ್ತೆ ಹೇಳಿದ್ದರು. ಗಂಡಸರ ಕಿವಿಯ ಮೇಲೆ ಅವರಿಗೂ ಅಷ್ಟು ನಂಬಿಕೆ ಇದ್ದಂತೆ ಕಾಣಲಿಲ್ಲ.

ಅಂಥ ಮನುಷ್ಯ ಹೊರಟದ್ದು ದೋಣಿ ತರಲು. ನಾನು ಹೊರಟದ್ದು ಮನುಷ್ಯನನ್ನು ಕಾಯಲು.

ಹೊಸಬರಿಗೆ ಸ್ವಲ್ಪ ಹೇಳಬೇಕು. ಇವರು ವಯಸ್ಸಿನಲ್ಲಿದ್ದಾಗ ನೌಕಾಪಡೆಯಲ್ಲಿದ್ದು, ಆಮೇಲೆ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಮುದ್ರ ಬಿಟ್ಟು ಬಂದರೂ ನೀರಿನ ಹುಚ್ಚು ಬಿಡಲಿಲ್ಲ. ಗೋವಾದಲ್ಲಿ ಯಾರೋ ಮೂಲೆಗೆ ಹಾಕಿದ್ದ ಸಣ್ಣ ಹಾಯಿದೋಣಿಯೊಂದನ್ನು ತಂದು, ತೇಪೆ ಹಚ್ಚಿ, ಬಿಳಿ ಬಣ್ಣ ಬಳಿದು, ಮೂತಿಯ ಮೇಲೆ ‘ಗುಬ್ಬಿ’ ಎಂದು ತಾವೇ ಬರೆದರು. ಪ್ರತಿ ಮಳೆಗಾಲ ಮಲಪ್ರಭೆಯ ಹಿನ್ನೀರು ತುಂಬಿದಾಗ ಗುಬ್ಬಿ ಅಲ್ಲಿಗೆ ಹೋಗುತ್ತದೆ, ನೀರು ಇಳಿಯುವ ಮೊದಲು ಮನೆಗೆ ಬರುತ್ತದೆ. ಧಾರವಾಡದಂಥ ಊರಲ್ಲಿ ಅಂಗಳದಲ್ಲಿ ದೋಣಿ ಇಟ್ಟುಕೊಂಡವರ ಹೆಂಡತಿ ಎಂದು ನನಗೂ ಒಂದು ಹೆಸರು ಬಂದಿದೆ. ಆದರೆ ಇಷ್ಟು ವರ್ಷದಲ್ಲಿ ಅದರೊಳಗೆ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ನೀರೆಂದರೆ ನನಗೆ ಕೊಡದಲ್ಲಿದ್ದರೇ ಚೆಂದ.

ಈ ವರ್ಷ ನಡುವೆ ಆಪರೇಶನ್ ಬಂತು, ಗುಬ್ಬಿ ನೀರಿನಲ್ಲೇ ಉಳಿಯಿತು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಹಿನ್ನೀರು ಲಗೂ ಇಳಿಯುತ್ತಿದೆ, ಇನ್ನು ಕೆಲವು ದಿನಕ್ಕೆ ದೋಣಿ ಕೆಸರಿನ ಮೇಲೆ ಕೂತು ಬಿಸಿಲಿಗೆ ಸೀಳುತ್ತದೆ ಎಂದು ಅಲ್ಲಿಯ ಶಿವಪ್ಪಜ್ಜ ಫೋನ್ ಮಾಡಿದರು. ದೋಣಿ ನಿಲ್ಲುವುದು ಅವರ ಹೊಲದ ಅಂಚಿಗೇ. ಅಂದಿನಿಂದ ಇವರಿಗೆ ನಿದ್ದೆ ಇಲ್ಲ, ಇವರಿಗಿಲ್ಲವೆಂದರೆ ನನಗೂ ಇಲ್ಲ. ಕೊನೆಗೆ ನಾನು ಒಂದು ಕರಾರಿನ ಮೇಲೆ ಒಪ್ಪಿದೆ: ಇವರು ಕೈ ಹಚ್ಚಬಾರದು, ಮತ್ತು ಮನೆಗೆ ಬಂದ ಗುಬ್ಬಿ ತಿರುಗಿ ನೀರಿಗೆ ಇಳಿಯಬಾರದು. ಯಾರಿಗಾದರೂ ಮಾರಿಬಿಡೋಣ ಎಂದೆ. ಪೇಪರಿನ ಹಿಂದಿನಿಂದ “ಹೂಂ” ಅಂದರು.

ಶನಿವಾರವೇ ಹೋಗೋಣ ಎಂದಿದ್ದರು. ದೋಣಿ ತರುವ ಟ್ರೇಲರ್ ಇಡಿಯಾಗಿ ಕಬ್ಬಿಣದ್ದು. ಶನಿವಾರ ಯಾರಾದರೂ ಕಬ್ಬಿಣ ಮನೆಗೆ ತರುತ್ತಾರೆಯೇ? ಸೋಮವಾರ ಶಿವನ ವಾರ, ನಾನು ಒಪ್ಪತ್ತು ಇರುವ ದಿನ, ಎಲ್ಲ ಸುಸೂತ್ರ ಆಗುತ್ತದೆ ಎಂದು ನಾನೇ ದಿನ ಗೊತ್ತು ಮಾಡಿದೆ. ಅದಕ್ಕಾಗಿ ಜಗಳವನ್ನೂ ಆಡಿದೆ.

ಹುಬ್ಬಳ್ಳಿಯ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಹೆಂಗಸರ ಪುಕ್ಕಟೆ ಚೀಟಿ ಹರಿದು ಕೊಟ್ಟ, ಇವರಿಗೆ ದುಡ್ಡಿನದು. ಉಬ್ಬು ಬಂದಾಗೊಮ್ಮೆ ಇವರು ದಿಂಬು ಹಿಡಿದರೋ ಇಲ್ಲವೋ ಎಂದು ನಾನು ತಿರುಗಿ ನೋಡುವುದು, ನಾನು ನೋಡಿದೆನೆಂದು ಇವರು ಕಿಟಕಿಯ ಹೊರಗೆ ನೋಡುವುದು. ಇಪ್ಪತ್ತು ಕಿಲೋಮೀಟರ್ ಹೀಗೇ ಕಳೆಯಿತು. ಅಲ್ಲಿಂದ ಆಟೋ ಹಿಡಿದು ಹಳೇ ಹುಬ್ಬಳ್ಳಿಗೆ ಹೋದೆವು.

ಮೆಹಬೂಬಸಾಬನ ವೆಲ್ಡಿಂಗ್ ಅಂಗಡಿ ಒಂದು ಇಕ್ಕಟ್ಟಾದ ಓಣಿಯ ಕೊನೆಗಿದೆ. ಆತ ರೈತರಿಗೆ ಟ್ರ್ಯಾಕ್ಟರಿನ ಟ್ರೇಲರ್ ಮಾಡಿಕೊಡುವವನು. ಗುಬ್ಬಿಗೂ ಅದೇ ಕೈಯಿಂದ ಒಂದು ಮಾಡಿದ. ಗುಬ್ಬಿ ನೀರಿನಲ್ಲಿರುವಷ್ಟು ದಿನ ಅದು ಆತನ ಅಂಗಡಿಯಲ್ಲೇ ಇರುತ್ತದೆ. ಇವರು ಸಪೂರ ಕೊಳವೆಯ ಹಗುರ ಗಾಡಿಯ ಚಿತ್ರ ಬರೆದು ಕೊಟ್ಟಿದ್ದರು. ಆತ ಅದನ್ನು ನೋಡಿ ಮರುಗಿ, ಇಷ್ಟು ನಾಜೂಕು ಮಾಡಿದರೆ ನನ್ನ ಹೆಸರು ಕೆಡುತ್ತದೆ ಎಂದು ಕಬ್ಬು ಹೇರುವ ಗಾಡಿಯ ಅಚ್ಚು, ಅಂಗೈ ಅಗಲದ ಪಟ್ಟಿ ಹಾಕಿ ಬೆಸೆದಿದ್ದ. ಹಿಂದೆ ಎರಡು ನವಿಲು ಬೇರೆ ಬರೆಸಿದ್ದ. ನಾಕು ಎಮ್ಮೆ ನಿಲ್ಲಿಸಿದರೂ ಬಗ್ಗುವುದಿಲ್ಲ ಎಂದು ಈಗಲೂ ಹೇಳುತ್ತಾನೆ. ದೋಣಿಗಿಂತ ಗಾಡಿಯೇ ಎರಡು ಪಟ್ಟು ಭಾರ ಎಂದು ಇವರು ಅಂದಾಗೆಲ್ಲ ಅದನ್ನು ಹೊಗಳಿಕೆಯೆಂದೇ ತಿಳಿಯುತ್ತಾನೆ.

ಆತನ ಪಿಕಪ್ಪಿನ ಹಿಂದೆ ಟ್ರೇಲರ್ ಸಿಕ್ಕಿಸಿ ಓಣಿಯಿಂದ ಹೊರಗೆ ಬರುವುದರಲ್ಲಿ ತರಕಾರಿಯ ಒಂದು ತಳ್ಳುಗಾಡಿ, ಹಾಲಿನ ಎರಡು ಸೈಕಲ್ಲು, ಬಾಗಿಲಲ್ಲಿ ಹಲ್ಲುಜ್ಜುತ್ತ ಕೂತವರೊಬ್ಬರು ಎಲ್ಲರೂ ಸರಿಯಬೇಕಾಯಿತು. ಬಿಸಿಲೇರಿದರೆ ಗಾಳಿ ಏಳುತ್ತದೆ, ಗಾಳಿ ಎದ್ದರೆ ದೋಣಿ ಹತ್ತಿಸುವುದು ಕಷ್ಟ ಎಂದು ಇವರು ಗಡಿಬಿಡಿ ಮಾಡುತ್ತಿದ್ದರು. ಗಡಿಬಿಡಿ ಮಾಡಿದರೆ ಎದೆಗೆ ಒಳ್ಳೆಯದಲ್ಲವೆಂದು ನಾನು ಅವರಿಗಿಂತ ಹೆಚ್ಚು ಗಡಿಬಿಡಿ ಮಾಡುತ್ತಿದ್ದೆ. ಮೆಹಬೂಬಸಾಬ ನಮ್ಮಿಬ್ಬರ ನಡುವೆ ಬಾಯಿ ಮುಚ್ಚಿ ಗಾಡಿ ಹೊಡೆದ.

ಸುಳ್ಳ ಎಂಬ ಊರಿನ ಹತ್ತಿರ ಚಹಾಕ್ಕೆ ನಿಂತೆವು. ಒಪ್ಪತ್ತಿನವಳು ನಾನು, ಬಾಳೆಹಣ್ಣು ತಿಂದು ಚಹಾ ಕುಡಿದೆ. ಇವರು ಕಾಲುಮಡಿಗೆ ಹೋಗಿಬರುತ್ತೇನೆಂದು ಅಂಗಡಿಯ ಹಿಂದೆ ಹೋದವರು ಬರಲಿಲ್ಲ. ಓಡಿ ಹೋಗಿ ನೋಡಿದರೆ ಬೇವಿನ ಗಿಡದ ಕೆಳಗೆ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದಾರೆ, ಕಾಗದದ ಮೇಲೆ ಇನ್ನೂ ಒಂದು ಉಳಿದಿದೆ. ಅದನ್ನು ನಾನು ಕಸಿದುಕೊಂಡು ಮೆಹಬೂಬಸಾಬನಿಗೆ ಕೊಟ್ಟೆ. ಮುಂದೆ ಬ್ಯಾಹಟ್ಟಿ ದಾಟುವವರೆಗೂ ನಮ್ಮಿಬ್ಬರಿಗೂ ಮಾತಿಲ್ಲ. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು, ನೋಡುವ ಮನಸ್ಸಿದ್ದವರಿಗೆ ಬಹಳ ಚೆಂದ ಇತ್ತು.

ಹಿನ್ನೀರಿನ ದಂಡೆಯ ಆ ಹಳ್ಳಿ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು. ಗಾಡಿಯಿಂದ ಇಳಿದು ನೋಡಿದೆ, ನೀರು ಎಲ್ಲಿದೆ? ಮಳೆಗಾಲದಲ್ಲಿ ಗರಸಿನ, ಅಂದರೆ ಕಲ್ಲುಮಣ್ಣಿನ, ರಸ್ತೆಯ ತುದಿಗೇ ನೀರು ತಾಗುತ್ತಿತ್ತಂತೆ. ಈಗ ರಸ್ತೆಗೂ ನೀರಿಗೂ ನಡುವೆ ಅಗಲವಾದ ಕಪ್ಪು ಎರೆಭೂಮಿ ಬಿದ್ದಿತ್ತು. ಮೇಲೆ ನೋಡಿದರೆ ಒಣಗಿ ಬಿರಿದ ನೆಲ, ಕಾಲಿಟ್ಟರೆ ಒಳಗೆ ಕಲಸಿದ ಹಿಟ್ಟು. ಒಂದು ಕೊಲ್ಲಿಯ ಆಚೆ ದಂಡೆಗೆ, ನೀರಲ್ಲಿ ನಿಂತ ಒಣ ಜಾಲಿಗಿಡಕ್ಕೆ ಕಟ್ಟಿದ ಗುಬ್ಬಿ ಕಂಡಿತು. ಇವರು ಅದನ್ನು ನೋಡಿದ ರೀತಿಗೆ ನಾನು ಬೇರೆ ಕಡೆ ತಿರುಗಿದೆ.

ಶಿವಪ್ಪಜ್ಜ ಬಂದರು. ಎಂಬತ್ತರ ಆಸುಪಾಸಿನ ಮನುಷ್ಯ, ತಲೆಗೆ ಬಿಳಿ ಟೋಪಿ, ಹಣೆತುಂಬ ವಿಭೂತಿ. ದೋಣಿ ಇರುವ ಕಡೆ ಕಲ್ಲಿನ ದಂಡೆ, ಅಲ್ಲಿಗೆ ಗಾಡಿಯ ದಾರಿ ಇಲ್ಲ. ಗಾಡಿ ಬರುವ ಕಡೆ ದೋಣಿ ಇಲ್ಲ. ಮೆಹಬೂಬಸಾಬ ಟ್ರೇಲರನ್ನು ಹಿಂದುಮುಂದಾಗಿ ನೀರಿಗೆ ಇಳಿಸಬೇಕು, ಅಷ್ಟರಲ್ಲಿ ಗುಬ್ಬಿ ಈಚೆ ಬರಬೇಕು. ಇವರು ಚುಕ್ಕಾಣಿ ಹಿಡಿಯುತ್ತೇನೆ, ಅದಕ್ಕೇನು ಬಲ ಬೇಡ ಎಂದರು. ಆದರೆ ಹಾಯಿಯ ಹಗ್ಗ ಎಳೆಯುವವರು ಯಾರು? ಶಿವಪ್ಪಜ್ಜನಿಗೆ ಈಜು ಬರುತ್ತದೆ, ಹಾಯಿ ಬರುವುದಿಲ್ಲ, ಮೇಲಾಗಿ ಕಣ್ಣು ಮಂಜು. ಎಲ್ಲರೂ ಒಮ್ಮೆ ನೀರು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ನಾ ಹೇಳಿದಾಗ ಹಿಡಿ, ಹೇಳಿದಾಗ ಬಿಡು. ಅಷ್ಟ,” ಅಂದರು ನಮ್ಮವರು.

ಹೊಲದ ಬದುವಿನ ಮೇಲೆ ನಡೆದು ಆಚೆ ಹೋದೆವು. ಇವರು ಶಿವಪ್ಪಜ್ಜನ ಮನೆಯಲ್ಲಿ ಇಟ್ಟಿದ್ದ ತೇಲುವ ಜಾಕೀಟು ನನಗೆ ತೊಡಿಸಿ, ತಮ್ಮ ಜಾಕೀಟಿನೊಳಗೆ ದಿಂಬು ತುರುಕಿಕೊಂಡರು. ಬಸುರಿಯಂತೆ ಕಾಣುತ್ತಿದ್ದರು, ನಗು ಬರಬೇಕಿತ್ತು, ಬರಲಿಲ್ಲ. ಕಾಲಿಟ್ಟಕೂಡಲೇ ಗುಬ್ಬಿ ವಾಲಿತು. ನಾನು ಶಿವಶಿವಾ ಎನ್ನುತ್ತ ಎರಡೂ ಕೈಯಿಂದ ಅಂಚು ಹಿಡಿದು ಕುಕ್ಕರಿಸಿದೆ. ಇವರು ಹೇಳಿದಂತೆ ಅಜ್ಜ ಹಾಯಿ ಏರಿಸಿ, ಗಿಡಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿದರು, ಹಾಯಿ ಪಟಪಟ ಬಡಿಯಿತು. “ಹಿಡಿ” ಅಂದರು, ಹಿಡಿದೆ. ಬಡಿಯುವುದು ನಿಂತಿತು. ಸಪ್ಪಳವೇ ಇಲ್ಲದಂತೆ ದೋಣಿ ನಡೆಯತೊಡಗಿತು.

ನನ್ನ ಕೈಯಲ್ಲಿದ್ದ ಹಗ್ಗದೊಳಗೆ ಗಾಳಿ ಎಳೆಯುವುದು ಗೊತ್ತಾಗುತ್ತಿತ್ತು. ತಿರುಗಿ ಇವರ ಮುಖ ನೋಡಿದೆ. ಆಪರೇಶನ್ ಆದ ಮೇಲೆ ಆ ಮುಖದಲ್ಲಿ ಒಬ್ಬ ಮುದುಕ ಬಂದು ಕೂತಿದ್ದ, ಆತ ಈಗ ಅಲ್ಲಿ ಇರಲಿಲ್ಲ. ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಈ ಮುಖವನ್ನು ಇಷ್ಟು ವರ್ಷ ಈ ನೀರಿಗೆ ತೋರಿಸುತ್ತಿದ್ದರಲ್ಲ, ಮನೆಯಲ್ಲಿ ನನಗೆ ಪೇಪರಿನ ಹಿಂದಿನ ಮುಖ. ಹೇಳಿಯೂ ಬಿಡುತ್ತಿದ್ದೆ, ಅಷ್ಟರಲ್ಲಿ “ಬಿಡು” ಅಂದರು. ದಂಡೆ ಬಂದಿತ್ತು.

ಮೆಹಬೂಬಸಾಬ ಟ್ರೇಲರಿನ ಗಾಲಿಗಳನ್ನು ಆಗಲೇ ನೀರೊಳಗೆ ಇಳಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಹಾಯಿ ಇಳಿಸಿದೆವು. ದೋಣಿಯ ನಡುವೆ ನೀರಿಗೆ ಇಳಿಬಿಟ್ಟಿದ್ದ ಹಲಗೆ ಮೇಲೆತ್ತಿ, ಚುಕ್ಕಾಣಿ ಕಳಚಿಟ್ಟೆವು. ಮೂತಿಯ ಬಳೆಗೆ ಪಟ್ಟಿಯ ಕೊಕ್ಕೆ ಹಾಕಿ ಆತ ಪಟ್ಟಿ ಸುತ್ತಿ ಎಳೆಯುವ ವಿಂಚಿನ ಹಿಡಿ ತಿರುಗಿಸಿದ. ಎಡಕ್ಕೆ, ಬಲಕ್ಕೆ ಎಂದು ಇವರು ದೂರದಿಂದ ಹೇಳುತ್ತಿದ್ದರು. ಗುಬ್ಬಿ ಸಂಜೆ ಮನೆಗೆ ಬಂದ ಆಕಳಿನ ಹಾಗೆ ತಾನಾಗಿಯೇ ಹತ್ತಿ ಕೂತಿತು. ಬಿಗಿದು ಕಟ್ಟಿದೆವು. ಇಷ್ಟೇನಾ, ಇಷ್ಟಕ್ಕೇ ನಾನು ಬೆಳಗಿನಿಂದ ಜೀವ ಹಿಂಡಿಕೊಂಡೆನಾ ಅನಿಸಿತು.

ಪಿಕಪ್ ಎಳೆಯಿತು. ಟ್ರೇಲರ್ ಮುಂದೆ ಬರುವ ಬದಲು ಕೆಳಗೆ ಹೋಯಿತು. ನಾಕು ಎಮ್ಮೆಗೂ ಬಗ್ಗದ ಅಚ್ಚು ಎರೆಯೊಳಗೆ ಸಾವಕಾಶ ಇಳಿದು ಕೂತಿತು. ಮೆಹಬೂಬಸಾಬ ಟ್ರೇಲರ್ ಕಳಚಿ, ಪಿಕಪ್ಪನ್ನಷ್ಟೇ ಹೇಗೋ ಗರಸಿನ ರಸ್ತೆಗೆ ಹತ್ತಿಸಿ, ಅಲ್ಲಿಂದ ಹಗ್ಗ ಕಟ್ಟಿ ಎಳೆದ. ಹಗ್ಗ ಹರಿಯಿತು. ಊರಿನ ಟ್ರ್ಯಾಕ್ಟರುಗಳೆಲ್ಲ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿದ್ದವು, ಬರುವುದು ನಾಳೆ. ಅಷ್ಟರಲ್ಲಿ ಗಾಳಿಯೂ ಎದ್ದಿತು. ತೆರೆಗಳು ಗುಬ್ಬಿಯ ಹಿಂಭಾಗಕ್ಕೆ ಬಡಿದು ಒಳಗೆ ನೀರು ಚಿಮ್ಮತೊಡಗಿದವು, ಬಡಿದಷ್ಟೂ ಟ್ರೇಲರ್ ಒಳಗೆ ಹೋಗುತ್ತಿತ್ತು.

ಶಿವಪ್ಪಜ್ಜನ ಕೊಟ್ಟಿಗೆಯ ಮುಂದೆ ಎರಡು ಜೊತೆ ಎತ್ತು ನಿಂತಿದ್ದವು. ಕಿಲಾರಿ ತಳಿ, ಆನೆಯಂಥವು. ಅವನ್ನು ಹೂಡಿದರೆ ಒಂದು ಗಳಿಗೆಯ ಕೆಲಸ ಎಂದು ಇವರು ಅಂದರು. ಅಜ್ಜ ಟೋಪಿ ಸರಿಮಾಡಿಕೊಂಡರು. ನಾನೂ ಕೇಳಿದೆ. ಆಗ ನನ್ನ ಕಡೆ ತಿರುಗಿದರು.

“ಇವತ್ತ ಸೋಮವಾರ ಐತೆಲ್ಲ ತಂಗಿ. ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗಾ ಇಡೂದಿಲ್ಲ. ನಮ್ಮ ಅಜ್ಜನ ಕಾಲದಾಗೂ ಇಟ್ಟಿಲ್ಲ.”

ಈ ಮಾತು ಗೊತ್ತಿಲ್ಲದವಳೇ ನಾನು? ಗರಗದ ನನ್ನ ತವರುಮನೆಯಲ್ಲಿ ಸೋಮವಾರ ಎತ್ತಿನ ಮೈ ತೊಳೆದು ವಿಭೂತಿ ಹಚ್ಚಿ ಕೈ ಮುಗಿದು ಬೆಳೆದವಳು. ಧಾರವಾಡಕ್ಕೆ ಬಂದು, ಎತ್ತು ಹೋಗಿ ಸ್ಕೂಟರ್ ಬಂದು, ಸೋಮವಾರದಲ್ಲಿ ಒಪ್ಪತ್ತು ಮಾತ್ರ ಉಳಿದು, ಎತ್ತಿನ ರಜೆ ತಲೆಯಿಂದ ಜಾರಿ ಹೋಗಿತ್ತು. ಜಗಳ ಮಾಡಿ ಗೊತ್ತು ಮಾಡಿದ ದಿನ!

ತಿರುಗಿ ನೋಡಿದರೆ ನಮ್ಮವರು ಪಕ್ಕದಲ್ಲಿಲ್ಲ. ದಿಂಬನ್ನು ಬದುವಿನ ಮೇಲಿಟ್ಟು, ಪ್ಯಾಂಟು ಮಡಚಿ, ಕೆಸರೊಳಗೆ ಇಳಿದು ಟ್ರೇಲರಿನ ಹಿಂದೆ ಹೆಗಲು ಕೊಡಲು ಬಗ್ಗಿದ್ದರು.

ನಾನು ಓಡಿದೆ. ಒಂದು ಚಪ್ಪಲಿಯನ್ನು ಎರೆ ನುಂಗಿತು, ಇನ್ನೊಂದನ್ನು ನಾನೇ ಬಿಟ್ಟೆ. ಹಿಂದಿನಿಂದ ಅವರ ಅಂಗಿ ಹಿಡಿದೆ. ಬರೇ ಹೆಗಲು ಕೊಡುತ್ತೇನೆ, ಕೈ ಹಚ್ಚುವುದಿಲ್ಲ ಎಂದರು.

“ಹೆಗಲಿಗೂ ಎದಿಗೂ ನಡುವ ಗ್ವಾಡಿ ಕಟ್ಟ್ಯಾರೇನು?” ಎಂದೆ. “ನೀವು ನೂಕಿದ್ರ ನಾ ಇಲ್ಲೇ ಈ ನೀರಾಗ ಕುಂತ ಬಿಡತೇನಿ, ಏಳೂದಿಲ್ಲ.”

“ಹಂಗಂತ ಕಣ್ಣಮುಂದ ಮುಳಗೂದು ನೋಡ್ಕೋತ ನಿಂದ್ರಲೇನು? ನಾ ಇನ್ನ ಯಾತಕ್ಕೂ ಬರೂದಿಲ್ಲನು?” ಅಂದರು. ಕಣ್ಣು ತುಂಬಿತ್ತು. ಇವರ ಜೊತೆ ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ಅದನ್ನು ನಾನು ನೋಡಿದ್ದು ಕಡಿಮೆ. ದೋಣಿಯ ಮಾತು ಅಲ್ಲವೆಂದು ನನಗೆ ಆಗ ತಿಳಿಯಿತು. ಆದರೂ ಅಂಗಿ ಬಿಡಲಿಲ್ಲ.

ನಮ್ಮ ಹಿಂದೆ ಶಿವಪ್ಪಜ್ಜ ಧೋತರ ಎತ್ತಿ ಕಟ್ಟಿಕೊಂಡು ಕೆಸರಿಗೆ ಇಳಿದಿದ್ದರು. ಇವರ ತೋಳು ಹಿಡಿದು ಮೆಲ್ಲಗೆ ಹೇಳಿದರು:

“ಬಸಣ್ಣಾ, ಹೊರಗ ಬಾರಪಾ. ವಾರೆಲ್ಲಾ ದುಡದ ಎತ್ತಿಗೆ ಒಂದ ಸೋಮವಾರ ಐತಿ. ನಿನಗ ಈಗ ಡಾಕ್ಟರ್ ಕೊಟ್ಟಾರ. ಅಲ್ಲಿ ನೋಡು, ಎತ್ತು ಸುಮ್ನ ನಿಂತಾವು. ಅವುಕೇನರ ಮಾನ ಹೋಗೇತೇನು?”

ಇವರು ಎತ್ತುಗಳನ್ನು ನೋಡಿದರು. ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಮೇವು ಮೆಲ್ಲುತ್ತ ಅವೂ ನಮ್ಮನ್ನೇ ನೋಡುತ್ತಿದ್ದವು. ಅಜ್ಜ ಮುಂದೆ ಅಂದರು, ಎಳೆಯಲು ನಾವಿದ್ದೇವೆ, ಮನುಷ್ಯರಿಗೆ ಸೋಮವಾರದ ಕಟ್ಟು ಇಲ್ಲ. ಇವರು ಹೊರಗೆ ಬಂದರು. ಅಜ್ಜ ಅವರನ್ನು ಎತ್ತುಗಳ ಹತ್ತಿರ ಕಟ್ಟಿಗೆಯ ದಿಮ್ಮಿಯ ಮೇಲೆ ಕೂಡ್ರಿಸಿ, ದಿಂಬು ತಂದು ಮಡಿಲಿಗಿಟ್ಟರು.

ಅಜ್ಜನ ಹೆಂಡತಿ ಗೌರವ್ವ ಹೊಲದ ಕಡೆ ಮುಖ ಮಾಡಿ ಒಂದು ಕೂಗು ಹಾಕಿದರು. ಕಡಲೆ ಕೀಳುತ್ತಿದ್ದ ಹೆಂಗಸರು, ಗಂಡಸರು ಬಂದರು. ಬಂದವರು ಯಾರ ದೋಣಿ, ಯಾಕೆ, ಏನು ಎಂದು ಕೇಳಲಿಲ್ಲ. ಚಕ್ಕಡಿಗಾಡಿ ಕೆಸರಲ್ಲಿ ಹುಗಿದಾಗ ಮಾಡುವುದನ್ನೇ ಮಾಡಿದರು. ಗಾಲಿಯ ಮುಂದಿನ ಕೆಸರು ತೋಡಿ, ತೊಗರಿ ಕಟ್ಟಿಗೆ ಅಡ್ಡಡ್ಡ ಹಾಸಿ, ಅದರ ಮೇಲೆ ಜೋಳದ ಒಣ ದಂಟಿನ ಕಣಕಿ ಹರವಿ, ರಸ್ತೆಯವರೆಗೆ ಹಾಗೇ ಒಂದು ದಾರಿ ಮಾಡಿದರು. ಬಾವಿಯ ದಪ್ಪ ಹಗ್ಗ ತಂದು ಟ್ರೇಲರಿನ ಮೂತಿಗೆ ಬಿಗಿದರು. ನಾನು ಗೌರವ್ವನ ಹಿಂದೆ ನಿಂತು ಸೆರಗು ಸಿಕ್ಕಿಸಿ ಹಗ್ಗ ಹಿಡಿದೆ. ಮೆಹಬೂಬಸಾಬ ಹಿಂದಿನಿಂದ ಹೆಗಲು ಕೊಟ್ಟ, ತಾನೇ ಹಾಕಿದ ಭಾರಕ್ಕೆ ತಾನೇ ಬೈದುಕೊಳ್ಳುತ್ತಿದ್ದ.

ಅಜ್ಜ ಕೂಗಿದಾಗೊಮ್ಮೆ ಎಳೆದೆವು. ಮೊದಲು ಅಲುಗಾಡಲಿಲ್ಲ. ಅಂಗೈ ಸುಲಿಯಿತು, ಉಪವಾಸದ ಹೊಟ್ಟೆಗೆ ಕಣ್ಣು ಕತ್ತಲೆ ಬಂತು. ಅಷ್ಟರಲ್ಲಿ ಹಿಂದಿನಿಂದ ನಗು ಕೇಳಿತು. ಒಂದು ಎತ್ತು ಕುತ್ತಿಗೆ ಚಾಚಿ ಕೆಂಪು ದಿಂಬಿನ ಮೂಲೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಇವರು ಅದನ್ನು ಬಿಡಿಸಿಕೊಳ್ಳಲು ಹೋಗಿ ನಗು ತಡೆಯಲಾರದೆ, ನಕ್ಕರೆ ಎದೆ ನೋಯುತ್ತದೆಂದು ದಿಂಬೂ ಬೇಕಾಗಿ, ಎತ್ತಿಗೂ ಇವರಿಗೂ ಜಗ್ಗಾಟ ನಡೆದಿತ್ತು. ಹಗ್ಗ ಹಿಡಿದವರೆಲ್ಲ ನೋಡಿ ನಕ್ಕರು. ನಕ್ಕು, ಅಜ್ಜನ ಕೂಗಿಗೆ ಮತ್ತೆ ಎಳೆದಾಗ ಟ್ರೇಲರ್ ಕಿತ್ತುಕೊಂಡು ಮೇಲೆ ಬಂತು, ತೊಗರಿ ಕಟ್ಟಿಗೆ ಚಟಚಟ ಮುರಿಯಿತು. ರಸ್ತೆ ಮುಟ್ಟುವವರೆಗೂ ಯಾರೂ ನಿಲ್ಲಲಿಲ್ಲ.

ಗುಬ್ಬಿಯ ತಳದ ಬಿರಡೆ ತೆಗೆದೆವು. ಒಳಗೆ ನುಗ್ಗಿದ್ದ ನೀರು ಬಹಳ ಹೊತ್ತು ಸುರಿಯಿತು. ಕರೆಂಟಿನ ತಂತಿಗೆ ತಾಗದಂತೆ ಹಾಯಿಕಂಬ ಇಳಿಸಿ ಉದ್ದಕ್ಕೆ ಕಟ್ಟಿದೆವು. ಗೌರವ್ವ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡ್ರಿಸಿ ಜೋಳದ ರೊಟ್ಟಿ, ಹಸಿಕಡಲೆ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದರು. ಅವರದೂ ಒಪ್ಪತ್ತೇ. ಅಂಥ ಊಟ ನಾನು ಈಚೆಗೆ ಉಂಡಿರಲಿಲ್ಲ.

ಸವದತ್ತಿ, ಅಮ್ಮಿನಭಾವಿ ಹಿಡಿದು ಧಾರವಾಡಕ್ಕೆ ತಿರುಗಿದೆವು. ದಾರಿಯುದ್ದಕ್ಕೂ ಇವರು ಹಿಂದಿನ ಗಾಜಿನಿಂದ ಗುಬ್ಬಿಯನ್ನು ನೋಡುತ್ತಿದ್ದರು. ಕಟ್ಟು ಸಡಿಲಾಯಿತೇ ಎಂದು ನೋಡುವವರ ನೋಟ ಅದಲ್ಲ. ಕರಾರು ಮಾಡಿಸಿಕೊಂಡವಳು ನಾನು, ಗೆದ್ದವಳು ನಾನು, ಆದರೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಅಂಗೈಯ ಉರಿಯಲ್ಲಿ ಆ ಹಾಯಿಯ ಹಗ್ಗದ ಎಳೆತವೇ ಇನ್ನೂ ಇದ್ದಂತಿತ್ತು.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆವು. ಪಿಕಪ್ ಗೇಟಿನೊಳಗೆ ಬರುವುದಿಲ್ಲ, ಟ್ರೇಲರನ್ನು ಕಳಚಿ ಕೈಯಿಂದ ನೂಕಬೇಕು. ನೆರೆಮನೆಯವರು ಬಂದರು. ಇವರು ರೂಢಿಯಂತೆ ಮುಂದೆ ಹೋಗಿ ಟ್ರೇಲರಿನ ಮೂತಿಗೆ ಕೈ ಚಾಚಿದರು. ನಾನು ಬಾಯಿ ತೆರೆಯುವ ಮೊದಲೇ ಆ ಕೈ ನಿಂತಿತು, ಹಿಂದೆ ಬಂತು.

“ಮೆಹಬೂಬ, ನೀನ ನೂಕಪಾ,” ಅಂದರು. “ನನಗ ಸೋಮವಾರ ಐತಿ.”

ಹೋಗಿ ಕಟ್ಟೆಯ ಮೇಲೆ ಕೂತರು. ಬೆಳಗಿನಿಂದ ಕಾವಲು ಕಾದಿದ್ದ ನಾನು ಆಗ ಮೊದಲ ಸಲ ನಿಶ್ಚಿಂತೆಯಿಂದ ಅವರ ಮಗ್ಗುಲಿಗೆ ಕೂತೆ. ಎಲ್ಲರೂ ಹೋದ ಮೇಲೆ, ಕೊಳ್ಳುವವರು ಯಾರಾದರೂ ಇದ್ದಾರೇನೋ ನಾಳೆ ಗೋವಾಕ್ಕೆ ಫೋನ್ ಮಾಡಿ ಕೇಳುತ್ತೇನೆ ಎಂದರು. ನೆಲ ನೋಡಿಕೊಂಡೇ ಹೇಳಿದರು. ನಾನು ನನ್ನ ಅಂಗೈ ನೋಡಿಕೊಂಡೆ.

“ಫೋನ್ ಬ್ಯಾಡ್ರಿ,” ಎಂದೆ. “ಮಳಿ ಆಗಲಿ, ನೀರು ತುಂಬಲಿ. ನೀವು ಚುಕ್ಕಾಣಿ ಹಿಡೀರಿ, ಹಗ್ಗ ನಾ ಹಿಡೀತೇನಿ. ಸೋಮವಾರ ಒಂದ ಬಿಟ್ಟು ಹೋಗೂಣು.”

ಅವರು ಎತ್ತು ಕಡಿದ ದಿಂಬನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡರು. ಕೆಮ್ಮು ಬಂದಿರಲಿಲ್ಲ.